ಮಕ್ಕಳು ವಿಡಿಯೊ ನೋಡುತ್ತಾರೆ, ಇಂಗ್ಲಿಷ್ ಮಾತಾಡುವುದಿಲ್ಲ. ಏನು ಮಾಡಲಿ?

ಪ್ರಶ್ನೆ: ಆರರಿಂದ ಎಂಟನೇ ತರಗತಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಒಂದು ತರಗತಿಯಲ್ಲಿ ಸುಮಾರು 40 ಮಕ್ಕಳು. ಎಲ್ಲರದ್ದೂ ಮನೆಮಾತು ಕನ್ನಡ. ಶಾಲೆಗೆ ಈಗ ಪ್ರೊಜೆಕ್ಟರ್, ಸ್ಪೀಕರ್, ಒಂದು ಲ್ಯಾಪ್‌ಟಾಪ್ ಬಂದಿವೆ. ನನ್ನ ಫೋನ್ ಇದೆ. ಇಂಟರ್ನೆಟ್ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ವಿಡಿಯೊ ಹಾಕಿದರೆ ಮಕ್ಕಳು ರೆಪ್ಪೆ ಮಿಟುಕಿಸದೆ ನೋಡುತ್ತಾರೆ. ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಯಾವ ಆ್ಯಪ್ ಬಳಸಿದರೆ ಇವರು ಮಾತಾಡಲು ಕಲಿಯುತ್ತಾರೆ? ಎಐ ಬಳಸಬಹುದಾ?

ಉತ್ತರ: ಆ್ಯಪ್‌ಗಳ ಹೆಸರು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು, ಮಕ್ಕಳು ಯಾಕೆ ಸುಮ್ಮನಿರುತ್ತಾರೆ ಅನ್ನುವುದಕ್ಕೆ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ವಿಡಿಯೊ ಮಕ್ಕಳಿಂದ ಏನನ್ನೂ ಕೇಳುವುದಿಲ್ಲ. ಮಗು ಉತ್ತರ ಕೊಟ್ಟರೂ ಅದು ಮುಂದೆ ಹೋಗುತ್ತದೆ, ಕೊಡದಿದ್ದರೂ ಹೋಗುತ್ತದೆ. ಹತ್ತು ನಿಮಿಷ ಸುಮ್ನೆ ಕೂತು ನೋಡಿದ ಮಗುವನ್ನು ಎಬ್ಬಿಸಿ, ಎಲ್ಲರ ಮುಂದೆ ಇಂಗ್ಲಿಷಿನಲ್ಲಿ ಮಾತಾಡು ಅಂದರೆ ಅದಕ್ಕೆ ಮಾತು ಎಲ್ಲಿಂದ ಬರಬೇಕು? ಆ ಹತ್ತು ನಿಮಿಷದಲ್ಲಿ ಅದರ ಬಾಯಿಗೆ ಯಾವ ಕೆಲಸವೂ ಇರಲಿಲ್ಲ ಅಲ್ವಾ.

ಹಾಗಾಗಿ ಯಾವ ಸಾಧನ ಎದುರಿಗೆ ಬಂದರೂ ನಾನು ಕೇಳಿಕೊಳ್ಳುವುದು ಒಂದೇ. ಇದು ಓಡುತ್ತಿರುವಾಗ ಮಗು ಇಂಗ್ಲಿಷಿನಲ್ಲಿ ಏನು ಮಾಡುತ್ತಿರುತ್ತದೆ? ಪರದೆಯ ಮೇಲೆ ಏನು ನಡೆಯುತ್ತಿದೆ ಅನ್ನುವುದನ್ನು ಆಮೇಲೆ ನೋಡಿದರಾಯಿತು.

ಒಂದು ಸಣ್ಣ ಲೆಕ್ಕ ಹಾಕಿ. ನಿಮ್ಮ ಪೀರಿಯಡ್ 40 ನಿಮಿಷ, ಮಕ್ಕಳು 40. ನೀವು ಒಂದು ಮಾತೂ ಆಡದೆ, ಒಬ್ಬರಾದ ಮೇಲೆ ಒಬ್ಬರನ್ನು ಎಬ್ಬಿಸಿ ಮಾತಾಡಿಸಿದರೂ ಒಬ್ಬೊಬ್ಬರಿಗೆ ಸಿಗುವುದು ಒಂದು ನಿಮಿಷ. ಅದೇ ಮಕ್ಕಳು ಇಬ್ಬಿಬ್ಬರಾಗಿ ಹತ್ತು ನಿಮಿಷ ಮಾತಾಡಿಕೊಂಡರೆ ಒಬ್ಬೊಬ್ಬರಿಗೆ ಐದು ನಿಮಿಷ ಸಿಗುತ್ತದೆ. ಯಾವ ಆ್ಯಪ್ ಕೂಡ ಇಷ್ಟು ಸುಲಭವಾಗಿ ಮಾತಿನ ಸಮಯವನ್ನು ಐದು ಪಟ್ಟು ಮಾಡಿಕೊಡುವುದಿಲ್ಲ. ಆದ್ದರಿಂದ ನಿಮ್ಮ ಪ್ರೊಜೆಕ್ಟರ್‌ನ ಮೊದಲ ಕೆಲಸ ಈ ಜೋಡಿ ಮಾತಿಗೆ ವಿಷಯ ಒದಗಿಸುವುದು.

ನೋಡುವುದರಿಂದಷ್ಟೇ ಭಾಷೆ ಬರುತ್ತದೆಯೇ ಎಂದು ಸಂಶೋಧಕರು ಹಿಂದೆಯೇ ಪರೀಕ್ಷಿಸಿದ್ದಾರೆ. 2003ರಲ್ಲಿ ಪೆಟ್ರೀಷಿಯಾ ಕುಹ್ಲ್ ಮತ್ತು ಅವರ ತಂಡ ಅಮೆರಿಕದಲ್ಲಿ 9 ತಿಂಗಳ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿತು. ಕೆಲವು ಮಕ್ಕಳ ಜೊತೆ ಚೀನಾದ ಮ್ಯಾಂಡರಿನ್ ಭಾಷೆಯವರು ಎದುರು ಕೂತು ಆಡುತ್ತಾ, ಕಥೆ ಓದುತ್ತಾ ಮಾತಾಡಿದರು. ಇನ್ನು ಕೆಲವು ಮಕ್ಕಳಿಗೆ ಅದೇ ಜನರ, ಅದೇ ಮಾತಿನ ವಿಡಿಯೊ ತೋರಿಸಿದರು. ಎದುರು ಮನುಷ್ಯರಿದ್ದ ಮಕ್ಕಳು ಮ್ಯಾಂಡರಿನ್‌ನ ಧ್ವನಿಗಳ ವ್ಯತ್ಯಾಸ ಗುರುತಿಸಲು ಕಲಿತರು. ವಿಡಿಯೊ ನೋಡಿದವರು ಕಲಿಯಲಿಲ್ಲ. ನಿಮ್ಮ ಮಕ್ಕಳು ದೊಡ್ಡವರು, ವಿಡಿಯೊದಿಂದ ಅವರು ಖಂಡಿತ ಏನಾದರೂ ಕಲಿಯುತ್ತಾರೆ. ಆದರೂ ಎದುರಿಗೆ ಒಬ್ಬರು ಇದ್ದು, ಮಗುವಿನ ಕಡೆ ನೋಡಿ, ಅದು ಹೇಳಿದ್ದಕ್ಕೆ ಪ್ರತಿಕ್ರಿಯೆ ಕೊಡುವುದರ ಬೆಲೆ ಎಷ್ಟು ಅಂತ ಈ ಪ್ರಯೋಗ ತೋರಿಸುತ್ತದೆ. ತರಗತಿಯಲ್ಲಿ ಆ ಒಬ್ಬರು ನೀವು. ಇಲ್ಲವೇ ಪಕ್ಕದಲ್ಲಿ ಕೂತ ಗೆಳತಿ, ಗೆಳೆಯ.

ಇನ್ನೊಂದು ಉದಾಹರಣೆ ನನಗೆ ತುಂಬಾ ಇಷ್ಟ. 1980ರಿಂದ 1985ರವರೆಗೆ ಕೀನ್ಯಾದಲ್ಲಿ ಮೊದಲ ಮೂರು ತರಗತಿಯ ಮಕ್ಕಳಿಗೆ ರೇಡಿಯೊದಲ್ಲಿ ಇಂಗ್ಲಿಷ್ ಕಲಿಸುವ ಯೋಜನೆ ನಡೆಯಿತು. ಪರದೆ ಇಲ್ಲ, ಚಿತ್ರ ಇಲ್ಲ, ಬರೀ ಧ್ವನಿ. ಆದರೆ ಆ ಪಾಠಗಳನ್ನು ಬರೆದವರು ಒಂದು ಕೆಲಸ ಮಾಡಿದ್ದರು. ರೇಡಿಯೊ ಒಂದು ಪ್ರಶ್ನೆ ಕೇಳುತ್ತಿತ್ತು, ಆಮೇಲೆ ಸುಮ್ಮನಾಗುತ್ತಿತ್ತು. ಆ ಖಾಲಿ ಜಾಗದಲ್ಲಿ ಇಡೀ ತರಗತಿ ಉತ್ತರ ಹೇಳಬೇಕು, ಎದ್ದು ನಿಲ್ಲಬೇಕು, ಏನನ್ನೋ ಮುಟ್ಟಿ ತೋರಿಸಬೇಕು. ಆಮೇಲೆ ರೇಡಿಯೊ ಸರಿಯಾದ ಉತ್ತರ ಹೇಳಿ ಮುಂದೆ ಹೋಗುತ್ತಿತ್ತು. ಆ ಮಕ್ಕಳು ಕೇಳುವುದರಲ್ಲಿ, ಓದುವುದರಲ್ಲಿ ಬೇರೆ ಮಕ್ಕಳಿಗಿಂತ ಮುಂದೆ ಬಂದರು. ನಿಮ್ಮ ಹತ್ತಿರ ಈಗ ಇರುವ ಸಾಮಾನಿಗೆ ಹೋಲಿಸಿದರೆ ಆ ರೇಡಿಯೊ ಏನೇನೂ ಅಲ್ಲ. ಆದರೆ ಅದಕ್ಕೆ ನಡುವೆ ನಿಂತು ಕಾಯುವುದು ಗೊತ್ತಿತ್ತು. ನಿಮ್ಮ ವಿಡಿಯೊಗೆ ಅದು ಗೊತ್ತಿಲ್ಲ, ನೀವೇ ಸ್ಪೇಸ್‌ಬಾರ್ ಒತ್ತಿ ನಿಲ್ಲಿಸಬೇಕು.

ನಿಲ್ಲಿಸಿ, ಪ್ರಶ್ನೆ ಕೇಳಿ, ಕಾಯಿರಿ. ಕಾಯುವುದು ಕಷ್ಟ. ಮೇರಿ ಬಡ್ ರೋ ಅನ್ನುವ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳನ್ನು ರೆಕಾರ್ಡ್ ಮಾಡಿ ನೋಡಿದಾಗ, ಪ್ರಶ್ನೆ ಕೇಳಿದ ಟೀಚರ್‌ಗಳು ಉತ್ತರಕ್ಕೆ ಕಾಯುತ್ತಿದ್ದದ್ದು ಸುಮಾರು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡ್‌ಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಉತ್ತರಿಸುವ ಮಕ್ಕಳೂ ಹೆಚ್ಚಾದರು. ಅವು ವಿಜ್ಞಾನದ ತರಗತಿಗಳು. ಇನ್ನೊಂದು ಭಾಷೆಯಲ್ಲಿ ಉತ್ತರ ಕಟ್ಟಬೇಕಾದ ಮಗುವಿಗೆ ಮೂರು ಸೆಕೆಂಡ್ ಕೂಡ ಕಮ್ಮಿ. ಐದು, ಆರು ಸೆಕೆಂಡ್ ಕೊಡಿ. ಮನಸ್ಸಿನಲ್ಲೇ ಎಣಿಸಿಕೊಳ್ಳಿ.

ಈಗ ಒಂದು ಪೂರ್ತಿ ಪೀರಿಯಡ್ ಹೇಗಿರಬಹುದು ಅಂತ ನೋಡೋಣ. ಎರಡೇ ನಿಮಿಷದ ಒಂದು ವಿಡಿಯೊ ಆರಿಸಿ. ಅದರಲ್ಲಿ ಯಾರಿಗೋ ಏನೋ ಬೇಕಾಗಿರಬೇಕು, ಏನೋ ತೊಂದರೆ ಆಗಬೇಕು. ಒಬ್ಬ ಹುಡುಗಿ ಕಳೆದುಹೋದ ಚೀಲ ಹುಡುಕುತ್ತಿದ್ದಾಳೆ ಅಂದುಕೊಳ್ಳಿ. ಮೊದಲು ಸದ್ದು ಪೂರ್ತಿ ತೆಗೆದು 20 ಸೆಕೆಂಡ್ ತೋರಿಸಿ ನಿಲ್ಲಿಸಿ. ಬೋರ್ಡ್ ಮೇಲೆ ಎರಡು ವಾಕ್ಯದ ಶುರು ಬರೆಯಿರಿ: ‘ಐ ಥಿಂಕ್ ಶಿ ಈಸ್...’, ‘ಮೇಬಿ ಶಿ ಲಾಸ್ಟ್ ಹರ್...’. ಪಕ್ಕದವರ ಜೊತೆ ಒಂದು ನಿಮಿಷ ಮಾತಾಡಲಿ. ಚಿತ್ರ ಕಣ್ಣ ಮುಂದೆಯೇ ಇದೆ, ವಾಕ್ಯದ ಅರ್ಧ ಬೋರ್ಡ್ ಮೇಲಿದೆ. ಇನ್ನರ್ಧವನ್ನಷ್ಟೇ ಮಗು ತುಂಬಬೇಕು. ಇಲ್ಲಿ ಬಾಯಿ ಬಿಡದ ಮಕ್ಕಳು ತುಂಬಾ ಕಡಿಮೆ.

ಆಮೇಲೆ ಪ್ರೊಜೆಕ್ಟರ್‌ನ ಬಾಯಿಗೆ ಮುಚ್ಚಳ ಹಾಕಿ, ಬರೀ ಸದ್ದು ಕೇಳಿಸಿ. ಗೊತ್ತಿರುವ ಪದ ಕಿವಿಗೆ ಬಿದ್ದಾಗ ಬೆರಳು ಎತ್ತಲಿ. ಮೂರನೇ ಸಲ ಚಿತ್ರ, ಸದ್ದು, ಇಂಗ್ಲಿಷ್ ಸಬ್‌ಟೈಟಲ್ ಮೂರೂ ಇರಲಿ. ಊಹಿಸಿದ್ದು ಸರಿಯಾಯಿತಾ ಅಂತ ಆಗ ಗೊತ್ತಾಗುತ್ತದೆ. ಕೊನೆಗೆ ಮತ್ತೆ ಸದ್ದು ತೆಗೆದುಬಿಡಿ, ಮಕ್ಕಳೇ ಪಾತ್ರಗಳಿಗೆ ಮಾತು ಕೊಡಲಿ. ಮೊದಲು ಇಡೀ ತರಗತಿ ಜೋಡಿಯಾಗಿ ಮಾಡಲಿ, ಆಮೇಲೆ ಮುಂದೆ ಬರಲು ಮನಸ್ಸಿರುವ ಎರಡು ಜೋಡಿ ಬಂದು ಮಾಡಲಿ. ಎರಡು ನಿಮಿಷದ ವಿಡಿಯೊಗೆ ಇಡೀ ಪೀರಿಯಡ್ ಹಿಡಿಯುತ್ತದೆ, ಹಿಡಿಯಲಿ ಬಿಡಿ. ಇದಕ್ಕೆ ವಿಎಲ್‌ಸಿ ಅನ್ನುವ ಉಚಿತ ಪ್ಲೇಯರ್ ಸಾಕು. ವೇಗ ತಗ್ಗಿಸಬಹುದು, ಒಂದು ತುಣುಕನ್ನು ಮತ್ತೆ ಮತ್ತೆ ಓಡಿಸಬಹುದು, ಸಬ್‌ಟೈಟಲ್ ಹಾಕಬಹುದು, ತೆಗೆಯಬಹುದು. ಇಂಟರ್ನೆಟ್ ಬೇಕಿಲ್ಲ.

ಸಬ್‌ಟೈಟಲ್ ಕನ್ನಡದಲ್ಲಿ ಇರಲಾ ಇಂಗ್ಲಿಷಿನಲ್ಲಿ ಇರಲಾ ಅಂತ ತುಂಬಾ ಟೀಚರ್‌ಗಳು ಕೇಳುತ್ತಾರೆ. 2009ರಲ್ಲಿ ಮಿಟರರ್ ಮತ್ತು ಮೆಕ್ವೀನ್ ಇದನ್ನೇ ಪರೀಕ್ಷಿಸಿದರು. ಇಂಗ್ಲಿಷ್ ಚೆನ್ನಾಗಿ ಬರುವ ಡಚ್ ಭಾಷಿಕರಿಗೆ ಪರಿಚಯವಿಲ್ಲದ ಸ್ಕಾಟಿಷ್ ಮತ್ತು ಆಸ್ಟ್ರೇಲಿಯನ್ ಉಚ್ಚಾರದ ವಿಡಿಯೊ ತೋರಿಸಿದರು. ಇಂಗ್ಲಿಷ್ ಸಬ್‌ಟೈಟಲ್ ಇದ್ದವರು ಆ ಉಚ್ಚಾರಕ್ಕೆ ಬೇಗ ಹೊಂದಿಕೊಂಡರು. ಡಚ್ ಸಬ್‌ಟೈಟಲ್ ಇದ್ದವರಿಗೆ, ಹೊಸ ವಾಕ್ಯಗಳನ್ನು ಕೇಳಿಸಿದಾಗ, ಅದರಿಂದ ತೊಂದರೆಯೇ ಆಯಿತು. ಅದು ಸಹಜ. ಅರ್ಥ ತಾಯ್ನುಡಿಯಲ್ಲಿ ಕಣ್ಣಿಗೇ ಸಿಕ್ಕರೆ ಕಿವಿ ಯಾಕೆ ಕಷ್ಟಪಡುತ್ತದೆ? ಆದರೆ ನಿಮ್ಮ ಆರನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಅಕ್ಷರ ಓದುವ ವೇಗವೇ ಇನ್ನೂ ಬಂದಿರುವುದಿಲ್ಲ. ಅವರಿಗೆ ಕಥೆ ಏನು ಅಂತ ಮೊದಲೇ ಕನ್ನಡದಲ್ಲಿ ಎರಡು ಮಾತು ಹೇಳಿಬಿಡಿ, ಆಮೇಲೆ ಇಂಗ್ಲಿಷ್ ಸಬ್‌ಟೈಟಲ್ ಜೊತೆ, ಸ್ವಲ್ಪ ನಿಧಾನ ವೇಗದಲ್ಲಿ ಹಾಕಿ. ಕನ್ನಡ ಬಳಸಿದರೆ ತಪ್ಪಾಯಿತು ಅಂದುಕೊಳ್ಳಬೇಡಿ. ಏನು ಹೇಳಬೇಕು ಅಂತ ಮಕ್ಕಳು ಕನ್ನಡದಲ್ಲೇ ಯೋಚಿಸಿ ಮಾತಾಡಿಕೊಳ್ಳಲಿ. ಹೇಳುವಾಗ ಇಂಗ್ಲಿಷಿನಲ್ಲಿ ಹೇಳಲಿ.

ಇನ್ನು ನಿಮ್ಮ ಫೋನ್. ನನ್ನ ಪ್ರಕಾರ ನಿಮ್ಮ ಹತ್ತಿರ ಇರುವುದರಲ್ಲಿ ಅತಿ ಉಪಯೋಗದ ಸಾಧನ ಅದರ ವಾಯ್ಸ್ ರೆಕಾರ್ಡರ್. ಮಕ್ಕಳು ಬಾಯಿ ಬಿಡದಿರುವುದಕ್ಕೆ ದೊಡ್ಡ ಕಾರಣ ನಾಚಿಕೆ ಮತ್ತು ನಗುವವರ ಭಯ. ರೆಕಾರ್ಡರ್ ಮುಂದೆ ಯಾರೂ ನಗುವುದಿಲ್ಲ. ತಪ್ಪಾದರೆ ಅಳಿಸಿ ಮತ್ತೆ ಹೇಳಬಹುದು. ದಿನಕ್ಕೆ ನಾಲ್ಕು ಮಕ್ಕಳು, ತರಗತಿಯ ಒಂದು ಮೂಲೆಯಲ್ಲಿ ಅಥವಾ ಹೊರಗೆ ಜಗಲಿಯಲ್ಲಿ, ಅರ್ಧ ನಿಮಿಷದ ಮಾತು ರೆಕಾರ್ಡ್ ಮಾಡಲಿ. ತಮಗೆ ಒಪ್ಪಿಗೆಯಾಗುವವರೆಗೆ ಮತ್ತೆ ಮಾಡಲಿ. ನೀವು ಕೇಳಿಸಿಕೊಳ್ಳುವುದು ಕೊನೆಯದನ್ನು ಮಾತ್ರ. ಮಗು ಅದೇ ಮಾತನ್ನು ನಾಲ್ಕಾರು ಸಲ, ಪ್ರತಿ ಸಲ ಸ್ವಲ್ಪ ಸುಧಾರಿಸಿ ಹೇಳಿರುತ್ತದೆ. ನೀವು ಎಷ್ಟೇ ಒತ್ತಾಯ ಮಾಡಿದರೂ ಇಷ್ಟು ಅಭ್ಯಾಸ ಆಗುತ್ತಿರಲಿಲ್ಲ. ಹತ್ತು ದಿನಕ್ಕೆ 40 ಮಕ್ಕಳದ್ದೂ ಒಂದು ಸುತ್ತು ಮುಗಿಯುತ್ತದೆ. ಆ ಫೈಲ್‌ಗಳನ್ನು ಇಟ್ಟುಕೊಳ್ಳಿ. ನಾಲ್ಕು ತಿಂಗಳಾದ ಮೇಲೆ ಅದೇ ಮಗುವಿಗೆ ಅದರ ಹಳೆಯ ಧ್ವನಿ ಕೇಳಿಸಿ. ಎಷ್ಟು ಮುಂದೆ ಬಂದಿದ್ದೇನೆ ಅಂತ ಅದಕ್ಕೇ ಗೊತ್ತಾಗುತ್ತದೆ. ಯಾವ ಅಂಕಪಟ್ಟಿಯೂ ಆ ಧೈರ್ಯ ಕೊಡುವುದಿಲ್ಲ. ಒಬ್ಬರ ರೆಕಾರ್ಡಿಂಗನ್ನು ಅವರ ಒಪ್ಪಿಗೆ ಇಲ್ಲದೆ ತರಗತಿಗೆ ಕೇಳಿಸಬೇಡಿ, ಗ್ರೂಪ್‌ಗಳಿಗೆ ಹಾಕಲೇಬೇಡಿ.

ಮಾತಿನ ಓಘ ಬರಿಸಲು 4-3-2 ಎಂಬ ಹಳೆಯ ವಿಧಾನ ಇದೆ. 1983ರಲ್ಲಿ ಕೀತ್ ಮಾರಿಸ್ ಇದನ್ನು ಪರಿಚಯಿಸಿದರು. ಒಂದೇ ವಿಷಯವನ್ನು ಮೊದಲು ಒಬ್ಬರಿಗೆ ನಾಲ್ಕು ನಿಮಿಷ ಹೇಳಬೇಕು, ಆಮೇಲೆ ಬೇರೊಬ್ಬರಿಗೆ ಮೂರು ನಿಮಿಷದಲ್ಲಿ, ಮತ್ತೊಬ್ಬರಿಗೆ ಎರಡೇ ನಿಮಿಷದಲ್ಲಿ. ವಿಷಯ ಅದೇ, ಕೇಳುವವರು ಬೇರೆ, ಸಮಯ ಕಡಿಮೆ. ಹೇಳುತ್ತಾ ಹೇಳುತ್ತಾ ತಡವರಿಕೆ ಕಡಿಮೆಯಾಗುತ್ತದೆ. ನಿಮ್ಮ ಮಕ್ಕಳಿಗೆ ನಾಲ್ಕು ನಿಮಿಷ ಜಾಸ್ತಿ ಆಯಿತು. 60, 45, 30 ಸೆಕೆಂಡ್ ಮಾಡಿ. ಪರದೆಯ ಮೇಲೆ ದೊಡ್ಡದಾಗಿ ಟೈಮರ್ ಓಡಿಸಿ. ಇದರಲ್ಲಿ ಡಿಜಿಟಲ್ ಅನ್ನುವುದು ಆ ಟೈಮರ್ ಅಷ್ಟೇ, ಸಾಕು.

ಉಚ್ಚಾರದ ವಿಷಯಕ್ಕೆ ಬಂದರೆ, ಇಲ್ಲಿ ಮಾತ್ರ ಡಿಜಿಟಲ್ ಸಾಧನಕ್ಕೆ ಟೀಚರ್‌ಗಿಂತ ಒಂದು ಅನುಕೂಲ ಜಾಸ್ತಿ ಇದೆ. ನಿಮಗಿರುವುದು ಒಂದು ಧ್ವನಿ, ಅದಕ್ಕೆ ಸಾವಿರ ಧ್ವನಿ. 1990ರ ದಶಕದ ಆರಂಭದಲ್ಲಿ ಡೇವಿಡ್ ಪಿಸೋನಿ ಮತ್ತು ಜೊತೆಗಾರರು ಜಪಾನಿ ಭಾಷಿಕರಿಗೆ ಇಂಗ್ಲಿಷಿನ ‘ರ’, ‘ಲ’ ಧ್ವನಿಗಳ ವ್ಯತ್ಯಾಸ ಕಲಿಸಲು ಹೊರಟರು. ಹಲವಾರು ಜನರ ಧ್ವನಿ ಕೇಳಿ ಕಲಿತವರು, ಹಿಂದೆ ಎಂದೂ ಕೇಳದ ಧ್ವನಿಯಲ್ಲೂ ವ್ಯತ್ಯಾಸ ಗುರುತಿಸಿದರು. ಒಬ್ಬರದೇ ಧ್ವನಿಯಲ್ಲಿ ಕಲಿತವರಿಗೆ ಹೊಸ ಧ್ವನಿ ಬಂದಾಗ ಅದು ಆಗಲಿಲ್ಲ. ಆದ್ದರಿಂದ ಒಂದು ಪದವನ್ನು ಐದಾರು ಜನ ಹೇಳುವುದನ್ನು ಕೇಳಿಸಿ. ಯೂಗ್ಲಿಷ್ ಎಂಬ ಉಚಿತ ವೆಬ್‌ಸೈಟ್ ಇದಕ್ಕಾಗಿಯೇ ಇದೆ. ನೀವು ಒಂದು ಪದ ಕೊಟ್ಟರೆ ಯೂಟ್ಯೂಬ್ ವಿಡಿಯೊಗಳಲ್ಲಿ ಬೇರೆ ಬೇರೆ ಜನ ಆ ಪದ ಹೇಳುವ ಜಾಗವನ್ನೇ ಹುಡುಕಿ ಕೇಳಿಸುತ್ತದೆ. ಇಂಟರ್ನೆಟ್ ಬೇಕು, ಹಾಗಾಗಿ ಇದ್ದಾಗ ಬಳಸಿ.

ಏನನ್ನು ಕೇಳಿಸಬೇಕು? ಕನ್ನಡ ಮನೆಮಾತಿನ ಮಕ್ಕಳಿಗೆ ಎರಡು ಜಾಗ ನೋಡಿಕೊಳ್ಳಿ. ಒಂದು, ‘ವೆಸ್ಟ್’ ಅಂದರೆ ದಿಕ್ಕೂ ಹೌದು, ಬನಿಯನ್ನೂ ಹೌದು. ಇಂಗ್ಲಿಷಿನಲ್ಲಿ ಅವು ಎರಡು ಬೇರೆ ಧ್ವನಿಯಿಂದ ಶುರುವಾಗುತ್ತವೆ. ಒಂದಕ್ಕೆ ತುಟಿ ದುಂಡಗಾಗಬೇಕು, ಇನ್ನೊಂದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಕನ್ನಡದಲ್ಲಿ ಎರಡಕ್ಕೂ ಒಂದೇ ‘ವ’ ಇರುವುದರಿಂದ ಮಕ್ಕಳ ಕಿವಿಗೆ ವ್ಯತ್ಯಾಸವೇ ಬೀಳುವುದಿಲ್ಲ. ಎರಡನೆಯದು ಪದದಲ್ಲಿ ಒತ್ತು ಬೀಳುವ ಜಾಗ. ಇದು ಮೊದಲನೆಯದಕ್ಕಿಂತ ಮುಖ್ಯ. ‘ಫೋಟೊಗ್ರಾಫ್’ ಅನ್ನುವಾಗ ಒತ್ತು ಮೊದಲ ಭಾಗದ ಮೇಲೆ, ‘ಫೊಟಾಗ್ರಫರ್’ ಅನ್ನುವಾಗ ಎರಡನೆಯದರ ಮೇಲೆ, ‘ಫೋಟೊಗ್ರಾಫಿಕ್’ ಅನ್ನುವಾಗ ಮೂರನೆಯದರ ಮೇಲೆ. ಕನ್ನಡದಲ್ಲಿ ಒತ್ತಿನ ಜಾಗ ಬದಲಾದರೆ ಪದ ಕೆಡುವುದಿಲ್ಲ, ಇಂಗ್ಲಿಷಿನಲ್ಲಿ ಕೇಳುವವರಿಗೆ ಅರ್ಥವೇ ಆಗದೆ ಹೋಗಬಹುದು. ಕೇಳಿಸುತ್ತಾ ಒತ್ತು ಬಿದ್ದಲ್ಲಿ ಮಕ್ಕಳು ಮೇಜು ತಟ್ಟಲಿ. ಬ್ರಿಟಿಷರಂತೆ, ಅಮೆರಿಕದವರಂತೆ ಮಾತಾಡಿಸುವ ಗುರಿ ಇಟ್ಟುಕೊಳ್ಳಬೇಡಿ. ಕೇಳಿದವರಿಗೆ ಅರ್ಥವಾದರೆ ಮುಗಿಯಿತು.

ಮಗು ಓದಿದ್ದನ್ನು ಕೇಳಿ ತಪ್ಪು ತೋರಿಸುವ ಆ್ಯಪ್‌ಗಳೂ ಬಂದಿವೆ. ಅಭ್ಯಾಸಕ್ಕೆ ಬಳಸಿ, ಅಂಕಕ್ಕೆ ಬೇಡ. ಮಾತನ್ನು ಅಕ್ಷರ ಮಾಡುವ ತಂತ್ರಾಂಶ ಅಕ್ಕಪಕ್ಕದ ಪದ ನೋಡಿ ಊಹೆ ಮಾಡುತ್ತದೆ. ಮಗು ತಪ್ಪು ಹೇಳಿದರೂ ಸರಿ ಪದ ಬರೆದುಬಿಡಬಹುದು. ಮಕ್ಕಳ ಸಣ್ಣ ಧ್ವನಿ, ತರಗತಿಯ ಗದ್ದಲ, ನಮ್ಮ ಉಚ್ಚಾರ ಇವುಗಳಿಂದ ಸರಿ ಹೇಳಿದ್ದನ್ನೂ ತಪ್ಪು ಅನ್ನಬಹುದು. ಸರಿಯಾಗಿ ಓದಿದ ಮಗುವಿಗೆ ಯಂತ್ರ ತಪ್ಪು ಅಂದರೆ ಅದು ನಂಬಿಬಿಡುತ್ತದೆ. ಆ ಮಗು ಮತ್ತೆ ಬಾಯಿ ತೆರೆಯಲು ಎಷ್ಟು ದಿನ ಬೇಕು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಪದ ಕಲಿಸುವ ಆ್ಯಪ್‌ಗಳು ಲೆಕ್ಕವಿಲ್ಲದಷ್ಟಿವೆ. ಅವುಗಳ ಹಿಂದಿರುವ ಒಳ್ಳೆಯ ವಿಚಾರ ಹಳೆಯದು. 1885ರಲ್ಲೇ ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್, ಕಲಿತದ್ದು ಮೊದಲ ಕೆಲವು ಗಂಟೆ, ದಿನಗಳಲ್ಲೇ ಎಷ್ಟು ಬೇಗ ಮರೆತುಹೋಗುತ್ತದೆ ಎಂದು ತಮ್ಮ ಮೇಲೆಯೇ ಪ್ರಯೋಗ ಮಾಡಿ ಅಳೆದರು. ಮರೆಯುವ ಹೊತ್ತಿಗೆ ಒಮ್ಮೆ ನೆನಪಿಸಿಕೊಂಡರೆ ಅದು ಇನ್ನಷ್ಟು ದಿನ ಉಳಿಯುತ್ತದೆ. 2006ರಲ್ಲಿ ಬಂದ ಆಂಕಿ ಎಂಬ ತಂತ್ರಾಂಶ ಇದೇ ಲೆಕ್ಕದ ಮೇಲೆ ನಡೆಯುತ್ತದೆ. ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ ಇರುವ ಕಾರ್ಡ್‌ಗಳನ್ನು ಅದು ತೋರಿಸುತ್ತದೆ. ಸುಲಭವಾದ ಕಾರ್ಡ್ ತಡವಾಗಿ ಬರುತ್ತದೆ, ಕಷ್ಟದ್ದು ಬೇಗ ಬರುತ್ತದೆ. ಅದೇ 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಇನ್ನೊಂದು ವಿಷಯ ತೋರಿಸಿದರು. ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಓದಿ ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡವರಿಗೆ ಒಂದು ವಾರದ ನಂತರ ಜಾಸ್ತಿ ನೆನಪಿತ್ತು. ಐದೇ ನಿಮಿಷದ ನಂತರ ಕೇಳಿದಾಗ ಮಾತ್ರ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ತರಗತಿ ಮುಗಿಯುವಾಗ ಎಲ್ಲರಿಗೂ ಬಂತು ಅಂತ ನಮಗೆ ಅನ್ನಿಸಿ, ಮುಂದಿನ ವಾರ ಯಾರಿಗೂ ಬಾರದಿರುವುದು ಇದಕ್ಕೇ.

40 ಮಕ್ಕಳಿಗೆ ಒಂದು ಲ್ಯಾಪ್‌ಟಾಪ್ ಇರುವಾಗ ಎಲ್ಲರಿಗೂ ಆಂಕಿ ಕೊಡಲು ಆಗುವುದಿಲ್ಲ. ಕೊಡಬೇಕಾಗಿಯೂ ಇಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ತರಗತಿಗೆಲ್ಲ ಒಂದೇ ಆಂಕಿ ಇರಲಿ. ಪ್ರತಿ ದಿನ ಪಾಠದ ಮೊದಲ ನಾಲ್ಕು ನಿಮಿಷ ಅದು ಕೊಡುವ ಕಾರ್ಡ್‌ಗಳನ್ನು ಪರದೆಗೆ ಹಾಕಿ. ಮಕ್ಕಳು ಉತ್ತರವನ್ನು ಪಕ್ಕದವರಿಗೆ ಹೇಳಲಿ, ಆಮೇಲೆ ಕಾರ್ಡ್ ತಿರುಗಿಸಿ. ಕಾರ್ಡ್‌ನಲ್ಲಿ ಬಿಡಿ ಪದ ಮತ್ತು ಅದರ ಕನ್ನಡ ಅರ್ಥ ಹಾಕುವುದಕ್ಕಿಂತ ಖಾಲಿ ಬಿಟ್ಟ ವಾಕ್ಯ ಹಾಕಿ. ಇಂಗ್ಲಿಷಿನಲ್ಲಿ ಪದಗಳು ಜೊತೆ ಜೊತೆಯಾಗಿ ಓಡಾಡುತ್ತವೆ. ನಿರ್ಧಾರವನ್ನು ‘ಮೇಕ್’ ಮಾಡುತ್ತಾರೆ, ಹೋಮ್‌ವರ್ಕನ್ನು ‘ಡು’ ಮಾಡುತ್ತಾರೆ. ಅಂಥ ಜೋಡಿ ಯಾವುದು ಅಂತ ನಿಮಗೆ ಅನುಮಾನ ಬಂದರೆ ಸ್ಕೆಲ್ ಎಂಬ ಉಚಿತ ತಾಣದಲ್ಲಿ ಪದ ಹಾಕಿ. ನಿಜವಾದ ಬಳಕೆಯ ಸಾಲು ಸಾಲು ಉದಾಹರಣೆ ಕೊಡುತ್ತದೆ.

ಕ್ವಿಜ್‌ಗೆ ಪ್ಲಿಕರ್ಸ್ ಎಂಬ ಆ್ಯಪ್ ನಿಮಗೆ ಹೇಳಿ ಮಾಡಿಸಿದ್ದು. ಮಕ್ಕಳ ಹತ್ತಿರ ಫೋನ್ ಬೇಡ. ಪ್ರತಿ ಮಗುವಿಗೆ ಒಂದು ಕಾಗದದ ಕಾರ್ಡ್. ಅದನ್ನು ತಿರುಗಿಸಿ ಹಿಡಿದ ರೀತಿಯಲ್ಲಿ ಎ, ಬಿ, ಸಿ, ಡಿ ಉತ್ತರ ಆಗುತ್ತದೆ. ನೀವು ಫೋನ್ ಕ್ಯಾಮೆರಾ ಹಿಡಿದರೆ ಇಡೀ ತರಗತಿಯ ಉತ್ತರ ಒಂದೇ ಸಲ ಬರುತ್ತದೆ. ಯಾರ ಉತ್ತರ ಏನು ಅಂತ ಪಕ್ಕದವರಿಗೆ ತಿಳಿಯುವುದು ಕಷ್ಟ, ಹಾಗಾಗಿ ನಾಚಿಕೆಯ ಮಗುವೂ ಕಾರ್ಡ್ ಎತ್ತುತ್ತದೆ. ಅರ್ಧ ತರಗತಿ ತಪ್ಪು ಹೇಳಿದ ಪ್ರಶ್ನೆ ಸಿಕ್ಕರೆ ಖುಷಿಪಡಿ. ಸರಿ ಉತ್ತರ ಹೇಳಬೇಡಿ. ನಿಮ್ಮ ಉತ್ತರ ಯಾಕೆ ಸರಿ ಅಂತ ಪಕ್ಕದವರಿಗೆ ಹೇಳಿ ಒಪ್ಪಿಸಿ ಅನ್ನಿ. ಆಮೇಲೆ ಮತ್ತೆ ಕಾರ್ಡ್ ಎತ್ತಿಸಿ. ಕಹೂಟ್ ಎಂಬ ಆನ್‌ಲೈನ್ ಕ್ವಿಜ್ ಆಟ ಕೂಡ ಮಕ್ಕಳಿಗೆ ಇಷ್ಟವಾಗುತ್ತದೆ, ಆದರೆ ಅದರಲ್ಲಿ ಬೇಗ ಒತ್ತಿದವರಿಗೆ ಪಾಯಿಂಟ್ ಜಾಸ್ತಿ. ನಿಧಾನವಾಗಿ ಓದುವ ಮಗು ಓದುವುದನ್ನೇ ಬಿಟ್ಟು ಬಣ್ಣ ಒತ್ತಲು ಶುರು ಮಾಡುತ್ತದೆ. ಬಳಸುವುದಾದರೆ ತಂಡಗಳಾಗಿ ಆಡಿಸಿ, ಸಮಯ ಜಾಸ್ತಿ ಕೊಡಿ.

ಓದಿನ ಬಗ್ಗೆ ನೀವು ಕೇಳಲಿಲ್ಲ. ಆದರೂ ಇದನ್ನು ಹೇಳದೆ ಇರಲಾರೆ, ಯಾಕೆಂದರೆ ಒಳಗೆ ಭಾಷೆ ಸೇರದೆ ಮಾತು ಹೊರಗೆ ಬರುವುದಿಲ್ಲ. ಎಲಿ ಮತ್ತು ಮಾಂಗುಭಾಯಿ 1983ರಲ್ಲಿ ಫಿಜಿಯ ಹಳ್ಳಿ ಶಾಲೆಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ನಾಲ್ಕು, ಐದನೇ ತರಗತಿಗಳಿಗೆ ಚಿತ್ರಗಳಿರುವ 250 ಇಂಗ್ಲಿಷ್ ಕಥೆ ಪುಸ್ತಕ ಕೊಟ್ಟಿದ್ದರು. ಕೆಲವು ಕಡೆ ಟೀಚರ್ ಜೊತೆ ಸೇರಿ ಓದಿದರು, ಕೆಲವು ಕಡೆ ಮಕ್ಕಳು ತಾವೇ ಸುಮ್ಮನೆ ಓದಿಕೊಂಡರು. ಎಂಟು ತಿಂಗಳಲ್ಲಿ ಆ ಮಕ್ಕಳು ಓದುವುದರಲ್ಲಿ, ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಮಾಮೂಲಿಗಿಂತ ಎರಡು ಪಟ್ಟು ವೇಗದಲ್ಲಿ ಮುಂದೆ ಬಂದರು. ಈಗ 250 ಪುಸ್ತಕಕ್ಕೆ ಹಣ ಹುಡುಕಬೇಕಾಗಿಲ್ಲ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಎಂಬ ಉಚಿತ ತಾಣದಲ್ಲಿ ಸಾವಿರಾರು ಮಕ್ಕಳ ಕಥೆಗಳಿವೆ, ಓದುವ ಮಟ್ಟದ ಪ್ರಕಾರ ಜೋಡಿಸಿವೆ. ಡೌನ್‌ಲೋಡ್ ಮಾಡಬಹುದು, ಮುದ್ರಿಸಬಹುದು. ಎಷ್ಟೋ ಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇವೆ. ಕಥೆಯನ್ನು ಮೊದಲು ಕನ್ನಡದಲ್ಲಿ ಓದಿ ನಕ್ಕ ಮಗು, ಅದೇ ಚಿತ್ರಗಳ ಕೆಳಗಿನ ಇಂಗ್ಲಿಷ್ ಓದುವಾಗ ಹೆದರುವುದಿಲ್ಲ. ತಾನೇ ಓದಿಕೊಳ್ಳುವ ಪುಸ್ತಕದಲ್ಲಿ 100 ಪದಕ್ಕೆ ಎರಡು ಮೂರು ಗೊತ್ತಿಲ್ಲದ ಪದ ಇದ್ದರೆ ಸರಿ. ಹತ್ತು ಇದ್ದರೆ ಅದು ಓದಲ್ಲ, ಶಿಕ್ಷೆ.

ಇಂಟರ್ನೆಟ್ ಇದ್ದಾಗ ಇಳಿಸಿಕೊಳ್ಳಿ, ತರಗತಿಯಲ್ಲಿ ಇಂಟರ್ನೆಟ್ ಇಲ್ಲ ಅಂದುಕೊಂಡೇ ಪಾಠ ಯೋಜಿಸಿ. ಕಿವಿಕ್ಸ್ ಎಂಬ ಉಚಿತ ತಂತ್ರಾಂಶ ಬಳಸಿದರೆ ಸರಳ ಇಂಗ್ಲಿಷಿನ ವಿಕಿಪೀಡಿಯ ಪೂರ್ತಿಯಾಗಿ ಲ್ಯಾಪ್‌ಟಾಪ್‌ನಲ್ಲಿ ಕೂರುತ್ತದೆ. ಪಾಠ, ವಿಡಿಯೊಗಳನ್ನು ಇಟ್ಟುಕೊಳ್ಳುವ ಕೊಲಿಬ್ರಿ ಎಂಬ ತಂತ್ರಾಂಶ ಕೂಡ ಇಂಟರ್ನೆಟ್ ಇಲ್ಲದ ಶಾಲೆಗಳಿಗಾಗಿಯೇ ಮಾಡಿದ್ದು. ಸ್ಮಾರ್ಟ್ ಬೋರ್ಡ್ ಇಲ್ಲವಲ್ಲ ಅಂತ ಕೊರಗಬೇಡಿ. ಪೆರುವಿನಲ್ಲಿ ಹಳ್ಳಿ ಶಾಲೆಗಳ ಮಕ್ಕಳಿಗೆ ಒಬ್ಬೊಬ್ಬರಿಗೂ ಲ್ಯಾಪ್‌ಟಾಪ್ ಕೊಟ್ಟ ಯೋಜನೆಯ ಬಗ್ಗೆ 2012ರಲ್ಲಿ ಅಧ್ಯಯನ ಬಂತು. ಗಣಿತ, ಭಾಷೆಯ ಅಂಕಗಳಲ್ಲಿ ವ್ಯತ್ಯಾಸವೇನೂ ಕಂಡಿರಲಿಲ್ಲ.

ಬರವಣಿಗೆಗೆ ಒಂದೇ ಮಾತು. ಒಂದು ಮಗುವಿನ ನೋಟ್‌ಬುಕ್ ಪುಟದ ಫೋಟೊ ತೆಗೆದು, ಹೆಸರು ಮುಚ್ಚಿ, ಒಪ್ಪಿಗೆ ಪಡೆದು ಪರದೆಗೆ ಹಾಕಿ. ಮೊದಲು ಅದರಲ್ಲಿ ಚೆನ್ನಾಗಿರುವ ಎರಡು ವಾಕ್ಯ ಹುಡುಕಿಸಿ, ಆಮೇಲೆ ಒಂದೇ ಬಗೆಯ ತಪ್ಪನ್ನು ಎಲ್ಲರೂ ಸೇರಿ ತಿದ್ದಲಿ. ನೀವು ರಾತ್ರಿ ಕೂತು 40 ನೋಟ್‌ಬುಕ್‌ಗೆ ಕೆಂಪು ಗೀಟು ಹಾಕುವುದಕ್ಕಿಂತ ಇದರಿಂದ ಅವರು ಹೆಚ್ಚು ಕಲಿಯುತ್ತಾರೆ ಅಂತ ನನ್ನ ನಂಬಿಕೆ.

ಕೊನೆಗೆ ಎಐ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದಾಗಿನಿಂದ ಎಲ್ಲರೂ ಕೇಳುವ ಪ್ರಶ್ನೆ ಇದು. ನನ್ನ ಉತ್ತರ: ನಿಮ್ಮ ಮೇಜಿನ ಮೇಲೆ ಇರಲಿ, ಸದ್ಯಕ್ಕೆ ಮಕ್ಕಳ ಕೈಗೆ ಬೇಡ. ನಿಮಗೆ ಅದು ತುಂಬಾ ಸಹಾಯ ಮಾಡುತ್ತದೆ. ಪಠ್ಯಪುಸ್ತಕದ ಒಂದು ಕಷ್ಟದ ಪಾಠ ಕೊಟ್ಟು, ‘ಇದನ್ನು ಚಿಕ್ಕ ವಾಕ್ಯಗಳಲ್ಲಿ, ಸುಲಭ ಪದಗಳಲ್ಲಿ ಬರೆದುಕೊಡು, 120 ಪದ ಸಾಕು’ ಅನ್ನಿ. ಒಂದೇ ಪಾಠವನ್ನು ಮೂರು ಮಟ್ಟದಲ್ಲಿ ಬರೆಸಿಕೊಳ್ಳಬಹುದು. ಓದು ಹಿಂದಿರುವ ಮಕ್ಕಳಿಗೂ ಅದೇ ಕಥೆ ಸಿಗುತ್ತದೆ, ಅವರೂ ಚರ್ಚೆಗೆ ಸೇರುತ್ತಾರೆ. ಜೋಡಿ ಮಾತಿಗೆ ಇನ್ನೊಂದು ಕೆಲಸ ಮಾಡಿಸಿ. ಒಂದು ವಿಷಯದ ಅರ್ಧ ಮಾಹಿತಿ ಒಂದು ಚೀಟಿಯಲ್ಲಿ, ಇನ್ನರ್ಧ ಇನ್ನೊಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಇಬ್ಬರೂ ಇಂಗ್ಲಿಷಿನಲ್ಲಿ ಕೇಳಿ ಕೇಳಿ ಪೂರ್ತಿ ಮಾಡಬೇಕು. ಇಂಥ ಚೀಟಿ ಕೈಯಲ್ಲಿ ಬರೆಯಲು ಸಂಜೆಯೆಲ್ಲ ಬೇಕಿತ್ತು, ಈಗ ಕೆಲವೇ ನಿಮಿಷ. ಆದರೆ ಪ್ರತಿ ಸಾಲು ನೀವು ಓದಿಯೇ ಕೊಡಬೇಕು. ಅದು ತಪ್ಪು ವಿಷಯವನ್ನೂ ಸರಿಯಾದ ವಿಷಯದಷ್ಟೇ ಧೈರ್ಯವಾಗಿ ಬರೆಯುತ್ತದೆ.

ಮಕ್ಕಳಿಗೆ ಯಾಕೆ ಬೇಡ ಅಂದೆ? ವಾಕ್ಯ ಕಟ್ಟಲು ತಡವರಿಸುವ ಆ ಹೊತ್ತಿನಲ್ಲೇ ಕಲಿಕೆ ನಡೆಯುತ್ತದೆ. ವಾಕ್ಯ ಸಿದ್ಧವಾಗಿ ಸಿಕ್ಕಿಬಿಟ್ಟರೆ ಆ ಹೊತ್ತು ಬರುವುದೇ ಇಲ್ಲ. ಇಂಥ ಎಷ್ಟೋ ಸೇವೆಗಳ ನಿಯಮದಲ್ಲಿ 13 ವರ್ಷಕ್ಕಿಂತ ಚಿಕ್ಕವರು ಬಳಸುವಂತಿಲ್ಲ ಅಂತಲೂ ಇದೆ. ಮಕ್ಕಳ ಹೆಸರು, ಫೋಟೊ, ಧ್ವನಿ ಅದಕ್ಕೆ ಕೊಡಬೇಡಿ. ಅನುವಾದದ ಆ್ಯಪ್ ಮಾತ್ರ ಎಲ್ಲರ ಮುಂದೆ, ಪರದೆಯ ಮೇಲೆ ಬಳಸಿ ನೋಡಿ. ಮಕ್ಕಳೇ ಒಂದು ಕನ್ನಡ ವಾಕ್ಯ ಹೇಳಲಿ, ಆ್ಯಪ್ ಇಂಗ್ಲಿಷ್ ಮಾಡಲಿ, ಅದು ಸರಿಯೋ ತಪ್ಪೋ ಮಕ್ಕಳು ಹೇಳಲಿ. ಗಾದೆ ಕೊಟ್ಟರಂತೂ ತರಗತಿಯಲ್ಲಿ ಚರ್ಚೆ ನಿಲ್ಲುವುದಿಲ್ಲ.

ಇದನ್ನೆಲ್ಲ ಒಟ್ಟಿಗೆ ಶುರು ಮಾಡಬೇಡಿ. ಮುಂದಿನ ವಾರ ಒಂದೇ ಒಂದು ವಿಡಿಯೊ ಪಾಠವನ್ನು ಮೇಲೆ ಹೇಳಿದಂತೆ ನಿಲ್ಲಿಸಿ ನಿಲ್ಲಿಸಿ ಮಾಡಿ. ಜೊತೆಗೆ ದಿನಕ್ಕೆ ನಾಲ್ಕು ಮಕ್ಕಳ ರೆಕಾರ್ಡಿಂಗ್. ಒಂದು ತಿಂಗಳು ಇಷ್ಟೇ ಇರಲಿ. ಕೆಲಸ ಆಗುತ್ತಿದೆಯಾ ಅಂತ ತಿಳಿಯಲು ಸಹೋದ್ಯೋಗಿಯೊಬ್ಬರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, ಐದು ಮಕ್ಕಳನ್ನು ತೋರಿಸಿ. ಅದರಲ್ಲಿ ಇಬ್ಬರು ಎಂದೂ ಮಾತಾಡದವರಿರಲಿ. ಆ ಐವರು ಒಂದು ಪೀರಿಯಡ್‌ನಲ್ಲಿ ಇಂಗ್ಲಿಷಿನಲ್ಲಿ ಬಾಯಿ ಬಿಟ್ಟಾಗೆಲ್ಲ ಅವರ ಹೆಸರಿನ ಮುಂದೆ ಒಂದು ಗೀಟು ಹಾಕಲು ಹೇಳಿ. ತಿಂಗಳ ಮೊದಲ ವಾರ ಒಂದು ಸಲ, ಕೊನೆಯ ವಾರ ಒಂದು ಸಲ. ಗೀಟು ಜಾಸ್ತಿಯಾಗಿದ್ದರೆ ಮುಂದಿನ ತಿಂಗಳು ಪ್ಲಿಕರ್ಸ್ ಸೇರಿಸಿ. ಆಗಿಲ್ಲದಿದ್ದರೆ ಹೊಸ ಆ್ಯಪ್ ಹುಡುಕಲು ಹೋಗಬೇಡಿ, ಬೋರ್ಡ್ ಮೇಲೆ ಬರೆಯುವ ವಾಕ್ಯದ ಶುರುಗಳನ್ನು ಇನ್ನಷ್ಟು ಸುಲಭ ಮಾಡಿ ನೋಡಿ.